ಈರುಳ್ಳಿ ಸಿಪ್ಪೆಯ ಮರೆಯ ಸಂತೆ

2013ರ ಅಕ್ಟೋಬರ್ 1ರ ಮಧ್ಯಾಹ್ನ. ಸ್ಯಾನ್ ಫ್ರಾನ್ಸಿಸ್ಕೋದ ಗ್ಲೆನ್ ಪಾರ್ಕ್ ಗ್ರಂಥಾಲಯದಲ್ಲಿ 29ರ ಯುವಕನೊಬ್ಬ ಲ್ಯಾಪ್‌ಟಾಪ್ ತೆರೆದು ಕೂತಿದ್ದ. ಬೆನ್ನ ಹಿಂದೆಯೇ ಗಂಡು ಹೆಣ್ಣು ಇಬ್ಬರು ಜಗಳಕ್ಕೆ ನಿಂತರು. ಏನೆಂದು ಅವನು ತಿರುಗಿ ನೋಡುವಷ್ಟರಲ್ಲಿ ಲ್ಯಾಪ್‌ಟಾಪ್ ಕೈತಪ್ಪಿತ್ತು. ಜಗಳವಾಡಿದವರೂ ಕಸಿದುಕೊಂಡವರೂ ಎಫ್‌ಬಿಐನವರೇ. ಅವನು ಮುಚ್ಚಳ ಮುಚ್ಚಿಬಿಟ್ಟಿದ್ದರೆ ಒಳಗಿದ್ದುದೆಲ್ಲ ಗೂಢಲಿಪಿಯ ಬೀಗದೊಳಗೆ ಸೇರಿಬಿಡುತ್ತಿತ್ತು. ಅದಕ್ಕೇ ಈ ನಾಟಕ.

ಯುವಕನ ಹೆಸರು ರಾಸ್ ಉಲ್‌ಬ್ರಿಕ್ಟ್. 2011ರಲ್ಲಿ ಅವನು ತೆರೆದ ‘ಸಿಲ್ಕ್ ರೋಡ್’ ಜಾಲತಾಣದಲ್ಲಿ ಮುಖ್ಯ ಸರಕು ಮಾದಕ ವಸ್ತು. ಗಿರಾಕಿ ಕೊಟ್ಟ ಹಣ ಮಾಲು ಅಂಚೆಯಲ್ಲಿ ಕೈಸೇರುವವರೆಗೆ ತಾಣದ ಬಳಿಯೇ ಇರುತ್ತಿತ್ತು. ಮಾರಿದವರಿಗೆ ಅಂಕ ಕೊಡುವ ಪದ್ಧತಿಯೂ ಇತ್ತು. ಕಳ್ಳಸಂತೆಗೂ ನಂಬಿಕೆಯೇ ಬಂಡವಾಳ!

ಈ ಅಂಗಡಿಯ ವಿಳಾಸ ಮರೆಮಾಡಿದ್ದು ‘ಟಾರ್’ ಜಾಲ. ಸಂದೇಶಕ್ಕೆ ಈರುಳ್ಳಿಯಂತೆ ಪದರ ಪದರವಾಗಿ ಗೂಢಲಿಪಿ ಸುತ್ತಿ ಕಳಿಸಿದರೆ, ದಾರಿಯಲ್ಲಿನ ಒಂದೊಂದು ಕಂಪ್ಯೂಟರ್ ಒಂದೊಂದು ಸಿಪ್ಪೆ ಸುಲಿದು ಮುಂದಕ್ಕೆ ದಾಟಿಸುತ್ತದೆ. ಯಾವುದಕ್ಕೂ ತನ್ನ ಹಿಂದಿನದು, ಮುಂದಿನದು ಬಿಟ್ಟರೆ ಪೂರ್ತಿ ದಾರಿ ತಿಳಿಯದು. ಈ ಉಪಾಯ ಹುಟ್ಟಿದ್ದು ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲೇ ಎಂಬುದು ತಮಾಷೆ.

ಸಿಪ್ಪೆ ಸುಲಿಯಲು ಹೋಗದೆ, ತೆರಿಗೆ ಇಲಾಖೆಯ ಗ್ಯಾರಿ ಆಲ್‌ಫೋರ್ಡ್ ಸುಮ್ಮನೆ ಗೂಗಲ್‌ನಲ್ಲಿ ಹುಡುಕಿದರು. ಸಿಲ್ಕ್ ರೋಡ್‌ನ ಹೆಸರು ಮೊಟ್ಟಮೊದಲು ಎಲ್ಲಿ ಕಾಣಿಸಿಕೊಂಡಿತು? 2011ರ ಜನವರಿಯಲ್ಲಿ ‘ಆಲ್ಟಾಯ್ಡ್’ ಎಂಬ ಹೆಸರಿನವನು ಅದರ ಪ್ರಚಾರ ಮಾಡಿದ್ದ. ಅದೇ ಆಲ್ಟಾಯ್ಡ್ ಮುಂದೆ ಕಂಪ್ಯೂಟರ್ ಬಲ್ಲವರು ಬೇಕೆಂದು ಕೇಳುವಾಗ ಕೊಟ್ಟಿದ್ದ ಇಮೇಲ್‌ನಲ್ಲಿ ಉಲ್‌ಬ್ರಿಕ್ಟನ ಹೆಸರು ಇಡಿಯಾಗಿ ಇತ್ತು. ‘ಆಲ್ಫಾಬೇ’ ಸಂತೆಯ ಯಜಮಾನನನ್ನು 2017ರಲ್ಲಿ ಹಿಡಿದುಕೊಟ್ಟದ್ದೂ ಹೀಗೆಯೇ, ಹೊಸ ಸದಸ್ಯರ ಸ್ವಾಗತ ಪತ್ರಕ್ಕೆ ಅಂಟಿಕೊಂಡಿದ್ದ ಅವನ ಸ್ವಂತ ಹಾಟ್‌ಮೇಲ್ ವಿಳಾಸ.

ಆಲ್ಫಾಬೇ ಮುಚ್ಚಿದಾಗ ವ್ಯಾಪಾರಿಗಳು ಗುಳೆ ಎದ್ದು ‘ಹನ್ಸಾ’ ತಾಣಕ್ಕೆ ನುಗ್ಗಿದರು. ಅದನ್ನು ಡಚ್ ಪೊಲೀಸರು ಎರಡು ವಾರ ಮುಂಚೆಯೇ ಸದ್ದಿಲ್ಲದೆ ವಶಪಡಿಸಿಕೊಂಡು, ತಾವೇ ನಡೆಸುತ್ತಿದ್ದರು!

ಈ ಸಂತೆಗಳಲ್ಲಿ ಚಲಾವಣೆಯಲ್ಲಿದ್ದ ಡಿಜಿಟಲ್ ಹಣ ಬಿಟ್‌ಕಾಯಿನ್ ಗುಟ್ಟು ಕಾಯುತ್ತದೆ ಎಂಬುದೂ ಅರ್ಧ ಸತ್ಯ. ಪ್ರತಿ ವಹಿವಾಟೂ ಯಾರು ಬೇಕಾದರೂ ಓದಬಹುದಾದ ಖಾತೆಪುಸ್ತಕದಲ್ಲಿ ಅಳಿಸಲಾಗದಂತೆ ದಾಖಲಾಗುತ್ತದೆ. 2012ರಲ್ಲಿ ಸಿಲ್ಕ್ ರೋಡ್‌ನಿಂದಲೇ ಒಬ್ಬ ಕದ್ದ ಬಿಟ್‌ಕಾಯಿನ್‌ಗಳ ಜಾಡು ಹಿಡಿದ ಅಧಿಕಾರಿಗಳು 2021ರ ನವೆಂಬರ್‌ನಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಮನೆಯೊಂದನ್ನು ಶೋಧಿಸಿದರು. ಸಿಕ್ಕಿದ್ದು 50 ಸಾವಿರಕ್ಕೂ ಹೆಚ್ಚು ಬಿಟ್‌ಕಾಯಿನ್. ಒಂದಷ್ಟು ನೆಲದಡಿಯ ತಿಜೋರಿಯಲ್ಲಿ, ಇನ್ನೊಂದಷ್ಟು ಬಚ್ಚಲುಮನೆಯ ಕಪಾಟಿನಲ್ಲಿ ಕಂಬಳಿಗಳ ಕೆಳಗಿದ್ದ ಪಾಪ್‌ಕಾರ್ನ್ ಡಬ್ಬಿಯೊಳಗೆ.

ಉಲ್‌ಬ್ರಿಕ್ಟನ ಬೆನ್ನುಹತ್ತಿದ್ದ ಇಬ್ಬರು ಸರ್ಕಾರಿ ಏಜೆಂಟರು ಅದೇ ತನಿಖೆಯಲ್ಲಿ ಬಿಟ್‌ಕಾಯಿನ್ ಜೇಬಿಗಿಳಿಸಿ ಜೈಲು ಸೇರಿದರು. 2015ರಲ್ಲಿ ಜೀವಾವಧಿ ಶಿಕ್ಷೆಗೆ ಗುರಿಯಾದ ಉಲ್‌ಬ್ರಿಕ್ಟನಿಗೆ 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಕ್ಷಮಾದಾನ ಕೊಟ್ಟರು.