ಗೊಂಬೆಮನೆಯ ಜಗಲಿಗೆ ಕಾಗದದ ತುಳಸಿ

ನವರಾತ್ರಿ ಹತ್ತಿರವಾಗುತ್ತಿದ್ದಂತೆ ಮುಂಬಯಿಯಲ್ಲಿ ನೆಲೆಸಿರುವ ಮೈಸೂರು ಕಡೆಯ ಕನ್ನಡಿಗರ ಮನೆಗಳಲ್ಲಿ ಅಟ್ಟದ ಪೆಟ್ಟಿಗೆಗಳು ಕೆಳಗಿಳಿಯುತ್ತವೆ. ಪಟ್ಟದ ಗೊಂಬೆಗಳು ಮೆಟ್ಟಿಲೇರುತ್ತವೆ. ಪಕ್ಕದಲ್ಲಿ ಮಕ್ಕಳದೊಂದು ಪಾರ್ಕು, ಅದರಂಚಿಗೆ ರಟ್ಟಿನ ಗೊಂಬೆಮನೆ. ಪಾರ್ಕಿನ ಹುಲ್ಲಿಗೆಂದು ರಾಗಿ, ಸಾಸಿವೆ ಚೆಲ್ಲಿ ಮೊಳಕೆ ಬರಿಸುವುದು ಹಳೆಯ ಪದ್ಧತಿ. ಆದರೆ ಗೊಂಬೆಮನೆಯ ಜಗಲಿಗೆ ಕುಂಡದ ಗಿಡ ಬೇಕೆಂದರೆ ರಾಗಿಯ ಪೈರು ಒಗ್ಗದು. ಗೊಂಬೆಯ ಪಕ್ಕದಲ್ಲಿ ಅದು ಕಬ್ಬಿನ ಗದ್ದೆಯಂತೆ ಕಾಣುತ್ತದೆ! ಇಲ್ಲಿ ಕೈಹಿಡಿಯುವುದು ಕಾಗದ.

ಕತ್ತರಿ ಹಿಡಿಯುವ ಮುನ್ನ ಸ್ವಲ್ಪ ಲೆಕ್ಕ ಹಾಕಬೇಕು. ಗೊಂಬೆಮನೆಗಳಿಗೆ ಹೆಚ್ಚಾಗಿ ಬಳಸುವ ಪ್ರಮಾಣ 1:12. ಅಂದರೆ ನಮ್ಮ ಒಂದು ಅಡಿ ಅಲ್ಲಿ ಒಂದು ಇಂಚು. ಹೊಸದಿಲ್ಲಿಯನ್ನು ಯೋಜಿಸಿದ ಲುಟ್ಯೆನ್ಸ್ ಇಂಗ್ಲೆಂಡಿನ ರಾಣಿ ಮೇರಿಗಾಗಿ ರೂಪಿಸಿದ, 1924ರಲ್ಲಿ ಪೂರ್ಣಗೊಂಡ ಗೊಂಬೆಮನೆಯೂ ಇದೇ ಅಳತೆಯದು. ವಿಂಡ್ಸರ್ ಕೋಟೆಯಲ್ಲಿರುವ ಆ ಮನೆಗೆ ತೋಟವೂ ಇದೆ, ಅದನ್ನು ತಳದ ಡ್ರಾಯರ್ ಎಳೆದು ನೋಡಬೇಕು. ರಾಣಿಯ ಮನೆಯಿರಲಿ, ರಟ್ಟಿನ ಮನೆಯಿರಲಿ, ಲೆಕ್ಕ ಒಂದೇ. ಮೂರು ಅಡಿಯ ಸ್ನೇಕ್ ಪ್ಲಾಂಟ್ ಮೂರು ಇಂಚಾಗುತ್ತದೆ. ನಾಲ್ಕು ಇಂಚಿನ ಮನಿ ಪ್ಲಾಂಟ್ ಎಲೆ ಎಂಟೂವರೆ ಮಿಲಿಮೀಟರಿಗೆ ಇಳಿಯುತ್ತದೆ.

ಎತ್ತರ, ಅಗಲಗಳಿಗೆ ಭಾಗಾಕಾರ ಮಾಡುವವರು ದಪ್ಪವನ್ನು ಮರೆಯುವುದುಂಟು. ಜೆರಾಕ್ಸ್ ಕಾಗದದ ದಪ್ಪ ಸುಮಾರು 0.1 ಮಿ.ಮೀ. ಹನ್ನೆರಡರಿಂದ ಗುಣಿಸಿದರೆ 1.2 ಮಿ.ಮೀ. ಅಷ್ಟು ದಪ್ಪದ ತುಳಸಿ ಎಲೆಯನ್ನು ಕಂಡವರಾರು? ಸ್ನೇಕ್ ಪ್ಲಾಂಟಿನ ಎಲೆ ಗಟ್ಟಿ, ಆದ್ದರಿಂದ ಅದಕ್ಕೆ ಎರಡು ಪದರ ಜೆರಾಕ್ಸ್ ಕಾಗದವೇ ಸರಿ, ನಡುವೆ ಒಂದೆಳೆ ತಂತಿ. ಉಳಿದ ಗಿಡಗಳಿಗೆ ಟಿಶ್ಯೂವಿನಷ್ಟು ತೆಳು ಕಾಗದ ಬೇಕು. ಟೈಪ್‌ರೈಟರ್ ಕಾಲದಲ್ಲಿ ಕಾರ್ಬನ್ ಪ್ರತಿಗೆ ಬಳಸುತ್ತಿದ್ದ ಕಾಗದ ಯಾರ ಕಪಾಟಿನಲ್ಲಾದರೂ ಉಳಿದಿದ್ದರೆ ಅದೀಗ ಬಂಗಾರ.

ಮೊದಲು ಎರಡೂ ಬದಿಗೆ ಬಣ್ಣ ಹಚ್ಚಿ ಒಣಗಿಸಿ, ನಂತರ ಕತ್ತರಿಸಬೇಕು. ಬಾಟಲಿಯಿಂದ ಬಂದ ಹಸಿರನ್ನು ಹಾಗೆಯೇ ಬಳಿದರೆ ಎಲೆ ಪ್ಲಾಸ್ಟಿಕ್ಕಿನಂತಾಗುತ್ತದೆ. ಅದಕ್ಕೆ ಹಳದಿಯನ್ನೂ ಸೂಜಿಮೊನೆಯಷ್ಟು ಕೆಂಪನ್ನೂ ಬೆರೆಸಬೇಕು. ಕತ್ತರಿಸಿದ ಎಲೆಯನ್ನು ಹಳೆಯ ಮೌಸ್ ಪ್ಯಾಡ್ ಮೇಲಿಟ್ಟು ರೀಫಿಲ್ ಮುಗಿದ ಬಾಲ್ ಪೆನ್ನಿನಿಂದ ನಡುಗೆರೆ ಒತ್ತಿದರೆ ಅದು ತಾನಾಗಿಯೇ ತುಸು ಬಾಗುತ್ತದೆ. ಕುಂಡಕ್ಕೆ ಕಾಗದದ ಪಟ್ಟಿಯನ್ನು ಸುರುಳಿ ಸುತ್ತಿ, ನಡುವನ್ನು ಬೆರಳಿನಿಂದ ತಳ್ಳಿ ಇಟ್ಟಿಗೆ ಬಣ್ಣ ಬಳಿದರಾಯಿತು. ಸೋಸಿ ಒಣಗಿಸಿದ ಚಹಾಪುಡಿಯೇ ಮಣ್ಣು. ಹೀಗಾಗಿ ಖರ್ಚು ಹೆಚ್ಚಿಲ್ಲ. ಬೇಕಾಗುವುದು ಕಣ್ಣು ಮತ್ತು ತಾಳ್ಮೆ.

ಇಷ್ಟೆಲ್ಲ ಮಾಡಿದ ಮೇಲೂ ಕೆಲವು ಗಿಡಗಳು ಸುಳ್ಳಾಗಿಯೇ ಕಾಣುತ್ತವೆ. ಕಾರಣ ಹುಡುಕಿದರೆ, ಮಾಡಿದವರು ಗಿಡವನ್ನು ಸರಿಯಾಗಿ ನೋಡಿರುವುದಿಲ್ಲ. ಮನಿ ಪ್ಲಾಂಟಿನಲ್ಲಿ ಗೆಣ್ಣಿಗೊಂದೇ ಎಲೆ. ತುಳಸಿಯಲ್ಲಿ ಎಲೆಗಳು ಎದುರುಬದುರಾಗಿ ಜೋಡಿಯಲ್ಲಿ ಬರುತ್ತವೆ. ಒಂದು ಜೋಡಿ ಪೂರ್ವ-ಪಶ್ಚಿಮವಾದರೆ ಅದರ ಮೇಲಿನದು ಉತ್ತರ-ದಕ್ಷಿಣ. ದಿನವೂ ನೀರೆರೆಯುವ ಹಿರಿಯರನ್ನು ಕೇಳಿದರೂ ಥಟ್ಟನೆ ಹೇಳಲಾರರು. ಕಿಟಕಿಯ ಗ್ರಿಲ್‌ಗಷ್ಟೇ ಹಸಿರು ಸೀಮಿತವಾಗಿರುವ ಫ್ಲ್ಯಾಟಿನಲ್ಲಿ ಬೆಳೆಯುವ ಮಕ್ಕಳಂತೂ, ಕಾಗದದ ತುಳಸಿ ಮಾಡಲು ಕುಳಿತಾಗಲೇ ನಿಜವಾದ ತುಳಸಿಯ ಮುಂದೆ ಹೋಗಿ ಬಗ್ಗಿ ನೋಡುವುದು. ಎಲೆಯೊಂದಕ್ಕೆ ಮೂರು ಮಿ.ಮೀ. ಉದ್ದ, ಚಿಮಟವಿಲ್ಲದೆ ಕೆಲಸ ಸಾಗದು. ಹಳದಿಯಾದ ಒಂದೆರಡು ಎಲೆ, ಕಂದಿದ ಒಂದು ತುದಿ ಇದ್ದರೆ ಗಿಡಕ್ಕೆ ಜೀವ ಬರುತ್ತದೆ. ಕಾಗದದ ತುಳಸಿಯನ್ನು ಇಡಬಹುದೇ ಎಂಬ ಪ್ರಶ್ನೆಯೂ ಬರಬಹುದು. ಪೂಜೆಗೆ ಬಾಲ್ಕನಿಯದು ಇದ್ದೇ ಇದೆ, ಇದು ಗೊಂಬೆಗಳಿಗೆ.

ಮುಂಬಯಿಯ ಮಳೆಗಾಲ ಇದರ ದೊಡ್ಡ ಶತ್ರು. ತೇವಕ್ಕೆ ಎಲೆಗಳು ಮೆತ್ತಗಾಗಿ ಜೋಲುತ್ತವೆ. ಮೈದಾ ಅಂಟು ಬಳಸಿದರೆ ಜಿರಳೆಗೆ ಔತಣವಿಟ್ಟಂತೆ, ಆದ್ದರಿಂದ ಫೆವಿಕಾಲೇ ಲೇಸು. ಔಷಧಿ ಡಬ್ಬಿಗಳಲ್ಲಿ ಸಿಗುವ ಸಿಲಿಕಾ ಪೊಟ್ಟಣಗಳನ್ನು ಎಸೆಯದೆ ಪೆಟ್ಟಿಗೆಯಲ್ಲಿ ಹಾಕಿಡಬೇಕು. ವಿಜಯದಶಮಿಯಂದು ಪಟ್ಟದ ಗೊಂಬೆಗಳನ್ನು ಮಲಗಿಸುವಷ್ಟರಲ್ಲಿ ಪಾರ್ಕಿನ ರಾಗಿ ಪೈರು ಹಳದಿಯಾಗಿ ಒರಗಿರುತ್ತದೆ. ಕಾಗದದ ಗಿಡಗಳು ಒಂದೊಂದಾಗಿ ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆ ಸೇರುತ್ತವೆ. ಮುಂದಿನ ವರ್ಷ ತೆರೆದಾಗ ತುಳಸಿಯ ಒಂದೆರಡು ಎಲೆ ಉದುರಿದ್ದರೆ ಹತ್ತಿಯಲ್ಲೇ ಹುಡುಕಿ ಅಂಟಿಸಬಹುದು.