ಫೋಕಸ್ ಬುಡಪ್ಪೋ!

ರಾತ್ರಿ ಹನ್ನೊಂದು ದಾಟಿದೆ. ಹುಣಸೂರು ರಸ್ತೆಯ ಲಾರಿಗಳ ಸದ್ದು ಮೈಸೂರು ಪಕ್ಕದ ಇಲವಾಲದಲ್ಲಿ ಈಗಷ್ಟೇ ತೆಳುವಾಗಿದೆ. ಈ ಸುತ್ತಿನ ಊರುಗಳಲ್ಲಿ ಕುರುಕ್ಷೇತ್ರ ನಾಟಕ ಕಾವೇರುವುದೇ ಇಂಥ ಹೊತ್ತಿಗೆ. ಬಾಡಿಗೆ ಸೀನರಿಯ ಮುಂದೆ ದುರ್ಯೋಧನ ಗದೆ ಹೊತ್ತು ನಿಂತಿದ್ದಾನೆ. ಪೆಟ್ಟಿಗೆ ಮೇಷ್ಟ್ರು ಶ್ರುತಿ ಹಿಡಿದರು. ಜನರ ನಡುವಿನಿಂದ ಕೂಗು: “ಫೋಕಸ್ ಬುಡಪ್ಪೋ, ದುರ್ಯೋದ್ನುನ್ ಮ್ಯಾಲೆ!”

ಸ್ಪಾಟ್‌ಲೈಟ್ ಎನ್ನುವುದು ಇಲ್ಲಿ ಪೇಪರಿನ ಮಾತು. ಬಾಯಲ್ಲಿ ಓಡಾಡುವುದು ಫೋಕಸ್. ತಗಡಿನ ಡಬ್ಬಿ, ಒಳಗೊಂದು ಭಾರಿ ಬಲ್ಬು, ಮುಂದೆ ದಪ್ಪ ಗಾಜು, ಅದಕ್ಕೆ ಅಡ್ಡ ಹಿಡಿದ ಬಣ್ಣದ ಹಾಳೆ. ಡಬ್ಬಿ ಕಾದು ಕೆಂಡವಾಗಿರುತ್ತದೆ; ಹುಡುಗ ಅಂಗೈಗೆ ಟವೆಲ್ ಸುತ್ತಿಕೊಂಡೇ ಅದನ್ನು ತಿರುಗಿಸಬೇಕು. ಬೆಳಕಿನ ಕೋಲಿನೊಳಗೆ ಧೂಳು, ಹುಳು, ಬೀಡಿ ಹೊಗೆ. ಕೋಲಿನ ತುದಿಯಲ್ಲಿ ಮಿರಿಮಿರಿ ಮಿಂಚುವ ಕಿರೀಟ. ಎರಡೇ ಮಾರು ಆಚೆ ಚಾಮರ ಹಿಡಿದವನಿಗೆ ಮುಖವೇ ಇಲ್ಲ.

ನಮ್ಮಲ್ಲಿ ವಿಷಯ ‘ಬೆಳಕಿಗೆ ಬರುತ್ತದೆ’, ಬಲ್ಲವರು ಅದರ ಮೇಲೆ ‘ಬೆಳಕು ಚೆಲ್ಲುತ್ತಾರೆ’. ಚೆಲ್ಲಿದ್ದು ನೀರಿನ ಹಾಗೆ ಸುತ್ತಲೂ ಹರಿಯುತ್ತದೆ, ಪಕ್ಕದವರನ್ನೂ ತೋಯಿಸುತ್ತದೆ. ಫೋಕಸ್ ಹಾಗಲ್ಲ, ಒಬ್ಬನಿಗೆಂದೇ ಬಿಗಿದು ಕಟ್ಟಿದ ಬೆಳಕು. ‘ಈಗ ಎಲ್ಲಾ ಫೋಕಸ್ ಅವನ ಮೇಲೇ’ ಎಂಬ ದಿನಬಳಕೆಯ ಮಾತಿನಲ್ಲಿ ಮೆಚ್ಚುಗೆಯ ಜೊತೆ ಸಣ್ಣ ಸಂಕಟವೂ ಇರುವುದು ಅದಕ್ಕೇ ಇರಬೇಕು.

ಈ ಊರಿನ ಮೇಲೇ ಒಮ್ಮೆ ದೇಶದ ಫೋಕಸ್ ಬಿದ್ದಿತ್ತು. 1957ರ ಸೆಪ್ಟೆಂಬರ್ 21 ಮತ್ತು 22ರಂದು ಇಲ್ಲಿ ಗ್ರಾಮದಾನ ಪರಿಷತ್ತು ನಡೆಯಿತು. ವಿನೋಬಾ ಭಾವೆ, ರಾಷ್ಟ್ರಪತಿ ರಾಜೇಂದ್ರ ಪ್ರಸಾದ್, ಪ್ರಧಾನಿ ನೆಹರು, ಜಯಪ್ರಕಾಶ ನಾರಾಯಣ, ಕೇರಳದ ಕಮ್ಯುನಿಸ್ಟ್ ಮುಖ್ಯಮಂತ್ರಿ ನಂಬೂದಿರಿಪಾಡ್. ಬೇರೆ ಬೇರೆ ದಾರಿಯವರು ಒಂದೆಡೆ ಕೂತು, ಭೂಮಿ ಊರಿಗೇ ಸೇರಬೇಕೆಂಬ ವಿಚಾರವನ್ನು ಬೆಂಬಲಿಸಿದರು. ಇಲವಾಲದ ಹೆಸರು ಪತ್ರಿಕೆಗಳಲ್ಲಿ ‘ಯಲ್ವಾಲ್’ ಆಗಿ ದೇಶ ಸುತ್ತಿತು. ಆ ಎರಡು ದಿನ ನೀರು ಹೊತ್ತವರ, ಸೌದೆ ಒಡೆದವರ ಹೆಸರು ನಾನು ಎಲ್ಲೂ ಓದಿಲ್ಲ. ಮಾತು ನಡೆದದ್ದು ತುಂಡು ಹೊಲವೂ ಇಲ್ಲದವರ ಬಗ್ಗೆ. ಅವರ ಮುಖ ನೋಡಬೇಕೆಂದು ನನಗೆ ಇಂದಿಗೂ ಆಸೆ.

ಬೆಳಗಿನ ಜಾವ ತೊಡೆ ಮುರಿದು ದುರ್ಯೋಧನ ಬೀಳುತ್ತಾನೆ. ಹುಡುಗ ಸ್ವಿಚ್ ಆರಿಸಿ, ಡಬ್ಬಿ ತಣ್ಣಗಾಗಲೆಂದು ಪಕ್ಕಕ್ಕಿಟ್ಟು ಕೂತಲ್ಲೇ ತೂಕಡಿಸುತ್ತಾನೆ. ಆರು ಗಂಟೆಗೆ ಹಾಲಿನ ಡೇರಿ ಮುಂದೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತ ಕೌರವೇಶ್ವರನ ಕಿವಿಯ ಹಿಂದೆ ಬಣ್ಣ ಇನ್ನೂ ಹೋಗಿಲ್ಲ.