ಜೀಬ್ರಾ ಪಟ್ಟೆ ಪಕ್ಕದ ಅಜ್ಜಿ

ಮೊದಲೇ ಹೇಳಿಬಿಡ್ತೀನಿ, ಇದು ಫೇಲಾದವನ ಕಥೆ. ಎಂಟು ವರ್ಷ ಊರಲ್ಲಿ ಕಾರು ಓಡಿಸಿದ್ದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನನ್ನು ದಿನಕ್ಕೆ ಎರಡು ಸಲ ದಾಟಿದ್ದೆ. ಮಳೆಗಾಲದ ರಾತ್ರಿ ಟ್ಯಾಂಕರ್ ಲಾರಿಗಳ ಹಿಂದೆ ಶಿರಾಡಿ ಘಾಟಿ ಇಳಿದು ಮಂಗಳೂರು ಮುಟ್ಟಿದ್ದೆ. ಅಂಥವನು ಇಂಗ್ಲೆಂಡಿನಲ್ಲಿ ಒಂದು ಬಿಸಿಲಿನ ಬೆಳಿಗ್ಗೆ, ಗಂಟೆಗೆ 20 ಮೈಲಿ ವೇಗದಲ್ಲಿ, ಹೆಚ್ಚುಕಮ್ಮಿ ಖಾಲಿ ರಸ್ತೆಯಲ್ಲಿ ಡ್ರೈವಿಂಗ್ ಟೆಸ್ಟ್ ಫೇಲಾದೆ.

ಇಲ್ಲಿಗೆ ಬಂದು ನೆಲೆಸಿದ ಮೇಲೆ 12 ತಿಂಗಳು ನಮ್ಮ ಇಂಡಿಯಾ ಲೈಸೆನ್ಸಿನಲ್ಲೇ ಗಾಡಿ ಓಡಿಸಬಹುದು. ಆಮೇಲೆ ಆ ಕಾರ್ಡಿಗೆ ಬೆಲೆ ಇಲ್ಲ. ಆಸ್ಟ್ರೇಲಿಯ, ಜಪಾನ್, ಸಿಂಗಪುರದವರು ತಮ್ಮ ಲೈಸೆನ್ಸ್ ಕೊಟ್ಟು ಇಲ್ಲಿನದನ್ನು ಬದಲಿಗೆ ಪಡೀಬಹುದು, ನಮಗೆ ಆ ಭಾಗ್ಯ ಇಲ್ಲ. ನಾವು ಕಲಿಯುವವರ ಲೈಸೆನ್ಸ್ ಮಾಡಿಸಿ ಅ ಆ ಇ ಈಯಿಂದ ಶುರು ಮಾಡಬೇಕು. 'ಒಂದು ವರ್ಷ ಇದೆಯಲ್ಲ, ನೋಡೋಣ' ಅಂತ ಹನ್ನೊಂದನೇ ತಿಂಗಳವರೆಗೂ ತಳ್ಳಿದೆ. ಡೆಡ್‌ಲೈನ್ ಹಿಂದಿನ ರಾತ್ರಿ ಕೋಡ್ ಬರೆಯೋ ಜಾತಿ ನಮ್ಮದು, ಬೇರೆ ಏನು ನಿರೀಕ್ಷೆ ಮಾಡ್ತೀರಿ? :)

ಆ ಹನ್ನೊಂದನೇ ತಿಂಗಳಲ್ಲೇ, ಜನವರಿಯಲ್ಲಿ, ನನ್ನಾಕೆ ಸಿಹಿ ಸುದ್ದಿ ಹೇಳಿದಳು. ಸೆಪ್ಟೆಂಬರಿನಲ್ಲಿ ಮಗು. ನಾವಿರೋದು ಸ್ವಿಂಡನ್ ಹತ್ತಿರದ ಒಂದು ಹಳ್ಳಿ. ಹೆರಿಗೆ ಆಸ್ಪತ್ರೆ 11 ಮೈಲಿ ದೂರ, ಸಂಜೆ ಏಳಾದ ಮೇಲೆ ಬಸ್ಸಿಲ್ಲ. ರಾತ್ರಿ ಟ್ಯಾಕ್ಸಿಗೆ ಫೋನ್ ಮಾಡಿದರೆ "ನಾಳೆ ಬೆಳಿಗ್ಗೆ ಆದೀತಾ?" ಅಂತ ಕೇಳ್ತಾರೆ.

"ರೀ, ಮಗು ಬಸ್ಸಿನ ಟೈಮ್ ನೋಡ್ಕೊಂಡು ಬರಲ್ಲ," ಅಂದಳು. ಅವತ್ತೇ ಅರ್ಜಿ ಹಾಕಿದೆ.

ಥಿಯರಿ ಪರೀಕ್ಷೆ ಎರಡು ಭಾಗ. ಮೊದಲನೆಯದರಲ್ಲಿ 50 ಪ್ರಶ್ನೆ, 43 ಸರಿ ಇದ್ದರೆ ಪಾಸು. ಸಿಇಟಿ ಬರೆದು ಬಂದವರಿಗೆ ಅದೇನು ಮಹಾ! ಎರಡನೆಯದು ಅಪಾಯ ಗುರುತಿಸುವುದು. ಕಾರಿನೊಳಗಿಂದ ತೆಗೆದಂತಿರುವ 14 ವಿಡಿಯೋ ತೋರಿಸ್ತಾರೆ, ಅಪಾಯ ಬೆಳೆಯುವುದು ಕಂಡ ಕೂಡಲೇ ಮೌಸ್ ಒತ್ತಬೇಕು. ಬೇಗ ಕಂಡರೆ ಐದು ಅಂಕ, ತಡವಾದಷ್ಟೂ ಕಡಿಮೆ. ಸುಮ್ಮನೆ ಟಕಟಕ ಒತ್ತಿದರೆ ಆ ವಿಡಿಯೋಕ್ಕೆ ಸೊನ್ನೆ. ಒಟ್ಟು 75ಕ್ಕೆ 44 ಬೇಕು. ಮನೆಯಲ್ಲಿ ಅಭ್ಯಾಸಕ್ಕೆ ಕೂತಾಗ ಮೊದಲ ವಿಡಿಯೋ ಮುಗಿದರೂ ನಾನು ಒಂದು ಸಲವೂ ಒತ್ತಿರಲಿಲ್ಲ. ಹಸು ಇಲ್ಲ, ರಾಂಗ್ ಸೈಡಿನಲ್ಲಿ ಬರೋ ಆಟೋ ಇಲ್ಲ, ಏನಂತ ಒತ್ತಲಿ? ಆಮೇಲೆ ನೋಡಿದರೆ, ನಿಂತಿದ್ದ ಕಾರಿನ ಇಂಡಿಕೇಟರ್ ಮಿನುಗಿದ್ದೇ ಅಪಾಯವಂತೆ. ಅಂತೂ ಫೆಬ್ರವರಿಯಲ್ಲಿ ಅದನ್ನು ದಾಟಿಕೊಂಡೆ.

ಮಾರ್ಚಿಗೆ ವರ್ಷ ತುಂಬಿತು. ಅಲ್ಲಿಂದಾಚೆ ಮನೆ ಮುಂದೆ ನಿಂತಿದ್ದ ನನ್ನದೇ ಕಾರನ್ನು ಒಬ್ಬನೇ ಮುಟ್ಟುವಂತಿಲ್ಲ. ಪಕ್ಕದಲ್ಲಿ 21 ವಯಸ್ಸು ದಾಟಿದ, ಲೈಸೆನ್ಸ್ ಸಿಕ್ಕಿ ಮೂರು ವರ್ಷವಾದ ಒಬ್ಬರು ಕೂತಿರಬೇಕು, ಹಿಂದೆ ಮುಂದೆ ಕೆಂಪು 'ಎಲ್' ಬೋರ್ಡು. ಪಾಠಕ್ಕೆ ಸಿಕ್ಕ ಮೇಷ್ಟ್ರು ಅರವತ್ತು ದಾಟಿದ ಇಂಗ್ಲಿಷಿನವರು. ಮೊದಲ ದಿನ ಹತ್ತು ನಿಮಿಷ ನನ್ನ ಪಕ್ಕ ಕೂತು, "ಗಾಡಿ ಚೆನ್ನಾಗೇ ಓಡಿಸ್ತೀಯ, ಆದರೆ ಯಾರೋ ಅಟ್ಟಿಸಿಕೊಂಡು ಬರ್ತಿರೋ ಹಾಗೆ ಓಡಿಸ್ತೀಯ," ಅಂದರು.

ಕಲಿತದ್ದಕ್ಕಿಂತ ಬಿಟ್ಟದ್ದೇ ಹೆಚ್ಚು. ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಪೆಟ್ರೋಲ್ ಉಳಿಸೋದು ಬಿಡಬೇಕಾಯ್ತು. ಒಂದೇ ಕೈಯಲ್ಲಿ ಸ್ಟೇರಿಂಗ್ ತಿರುಗಿಸೋದು ಬಿಡಬೇಕಾಯ್ತು. ಹೆಡ್‌ಲೈಟ್ ಮಿನುಗಿಸಿದರೆ ನಮ್ಮಲ್ಲಿ 'ನಾನು ಬರ್ತಿದ್ದೀನಿ, ಸರಿ ಪಕ್ಕಕ್ಕೆ' ಅಂತ. ಇಲ್ಲಿನ ಜನ ಅದನ್ನು 'ನೀವು ಹೋಗಿ, ನಾನು ಕಾಯ್ತೀನಿ' ಅಂತ ತಿಳಿದುಕೊಳ್ತಾರೆ. ಇದರಿಂದ ಏನೇನು ಆಗಬಹುದಿತ್ತು ಅಂತ ನೆನೆಸಿಕೊಂಡರೆ ಈಗಲೂ ಬೆವರು ಬರುತ್ತೆ. ಇನ್ನು ಕನ್ನಡಿ. ಕಣ್ಣಾಡಿಸಿದರೆ ಸಾಲದು, ನೋಡಿದ್ದು ಪರೀಕ್ಷಕರಿಗೂ ಕಾಣಬೇಕು. ಹೊರಡೋ ಮುಂಚೆ ಕತ್ತು ತಿರುಗಿಸಿ ಭುಜದ ಮೇಲಿಂದ ಹಿಂದೆ ನೋಡಬೇಕು. ಎರಡು ವಾರ ಕತ್ತು ನೋವಿತ್ತು.

ಒಂದು ಶನಿವಾರ ಮೇಷ್ಟ್ರು ಸ್ವಿಂಡನ್ನಿನ 'ಮ್ಯಾಜಿಕ್ ರೌಂಡಬೌಟ್'ಗೆ ಕರಕೊಂಡು ಹೋದರು. 1972ರಲ್ಲಿ ಫ್ರಾಂಕ್ ಬ್ಲ್ಯಾಕ್‌ಮೋರ್ ಅನ್ನೋ ಎಂಜಿನಿಯರ್ ವಿನ್ಯಾಸ ಮಾಡಿದ್ದು. ಸುತ್ತಲೂ ಐದು ಪುಟ್ಟ ವೃತ್ತಗಳು, ಅವುಗಳ ನಡುವೆ ಇನ್ನೊಂದು. ಪುಟ್ಟ ವೃತ್ತಗಳಲ್ಲಿ ಗಾಡಿಗಳು ಪ್ರದಕ್ಷಿಣೆ ಹಾಕುತ್ತವೆ, ನಡುವಿನದಕ್ಕೆ ಅಪ್ರದಕ್ಷಿಣೆ! ನವಗ್ರಹ ಗುಡಿಯಲ್ಲಿ ಒಂದೊಂದು ಗ್ರಹ ಒಂದೊಂದು ದಿಕ್ಕಿಗೆ ಮುಖ ಮಾಡಿ ನಿಂತಿರುತ್ತಲ್ಲ, ಹಾಗೇ ಇದೆ. ಸಿಲ್ಕ್ ಬೋರ್ಡ್ ವೀರನ ಕಾಲು ಕ್ಲಚ್ ಮೇಲೆ ನಡುಗಿತು. ಗೆರೆಯ ಬಳಿ ನಿಂತವನು ನಿಂತೇ ಇದ್ದೆ. ಹಿಂದೆ ಐದಾರು ಕಾರು ಸೇರಿದವು, ಒಬ್ಬರೂ ಹಾರ್ನ್ ಒತ್ತಲಿಲ್ಲ, ಅದೇ ಇನ್ನೂ ಅವಮಾನ. ಮೇಷ್ಟ್ರು ಮೆಲ್ಲಗೆ ಹೇಳಿದರು, "ನಿನ್ನ ಸರದಿ ಬಂದಾಗ ಹೋಗದೇ ಇರೋದೂ ತಪ್ಪೇ. ಬಲಗಡೆ ನೋಡು. ಯಾರೂ ಇಲ್ಲ. ಹೋಗು." ಒಂದು ವೃತ್ತ ದಾಟಿದೆ. ಮತ್ತೆ ಬಲಗಡೆ ನೋಡಿದೆ, ಇನ್ನೊಂದು ದಾಟಿದೆ. ಅಷ್ಟೇ ಅದು. ಒಟ್ಟು ನೋಡಿದರೆ ಹೆದರಿಕೆ, ಒಂದೊಂದಾಗಿ ನೋಡಿದರೆ ಪ್ರತಿಯೊಂದರಲ್ಲೂ ಒಂದೇ ನಿಯಮ.

ಯಾರೋ ರದ್ದು ಮಾಡಿದ ಜಾಗ ಸಿಕ್ಕಿ, ಏಪ್ರಿಲ್ ಕೊನೆಯಲ್ಲಿ ಟೆಸ್ಟ್ ಬಂತು. ಫೀಸು 62 ಪೌಂಡ್. ಮೊದಲು 20 ಮೀಟರ್ ದೂರದ ನಂಬರ್ ಪ್ಲೇಟ್ ಓದಿಸಿದರು. ಬ್ರೇಕ್ ಸರಿಯಿದೆ ಅಂತ ಹೇಗೆ ತಿಳೀತೀಯ ಅಂತ ಕೇಳಿದರು. ಹೊರಟೆವು. ಪರೀಕ್ಷಕರು ಮಾತೇ ಆಡಲ್ಲ, 'ಮುಂದೆ ಎಡಕ್ಕೆ' ಅನ್ನೋದು ಬಿಟ್ಟರೆ. ಕೈಯಲ್ಲೊಂದು ಟ್ಯಾಬ್ಲೆಟ್. ಸಣ್ಣ ತಪ್ಪು 15ರವರೆಗೂ ಇರಬಹುದು, ದೊಡ್ಡದು ಒಂದಿದ್ದರೂ ಫೇಲು.

ಅರ್ಧ ಗಂಟೆ ಎಲ್ಲಾ ಸರಿ ಹೋಯಿತು. ವಾಪಸ್ ಬರುವಾಗ ಅಂಗಡಿ ಬೀದಿಯಲ್ಲೊಂದು ಜೀಬ್ರಾ ಪಟ್ಟೆ. ಪಕ್ಕದ ಫುಟ್‌ಪಾತಿನಲ್ಲಿ ಒಬ್ಬ ಅಜ್ಜಿ, ಕೈಯಲ್ಲಿ ಎಳೆಯುವ ಸಾಮಾನಿನ ಚೀಲ, ನಿಂತಿದ್ದರು. ನಾನು ನೋಡಿದೆ. ಅವರು ಆ ಕಡೆ ನೋಡ್ತಿದ್ದರು, ಕಾಲು ಕೆಳಗಿಟ್ಟಿರಲಿಲ್ಲ. ಊರಲ್ಲಾದರೆ ಲೆಕ್ಕ ಸುಲಭ. ಕಣ್ಣು ಸೇರಿಲ್ಲ, ಕಾಲಿಟ್ಟಿಲ್ಲ, ಅಂದರೆ ದಾರಿ ನಂದು. ಸ್ವಲ್ಪ ನಿಧಾನ ಮಾಡಿ ದಾಟಿಬಿಟ್ಟೆ. ಪಕ್ಕದಲ್ಲಿ ಟ್ಯಾಬ್ಲೆಟ್ ಮೇಲೆ ಬೆರಳು ಆಡಿತು.

ಸಣ್ಣ ತಪ್ಪು ಆರು, ದೊಡ್ಡದು ಒಂದು. 2022ರ ಜನವರಿಯಲ್ಲಿ ಇಲ್ಲಿನ ಹೈವೇ ಕೋಡ್ ತಿದ್ದುಪಡಿಯಾಗಿ, ಜೀಬ್ರಾ ಪಟ್ಟೆ ದಾಟಲು ಕಾಯುತ್ತಾ ನಿಂತವರಿಗೂ ದಾರಿ ಬಿಡಬೇಕು ಅಂತ ಸೇರಿಸಿದರು. ಮೇಷ್ಟ್ರು ಇದನ್ನು ನನಗೆ ಮೂರು ಸಲ ಹೇಳಿದ್ದರು, ನಾನೂ ಮೂರು ಸಲ ತಲೆಯಾಡಿಸಿದ್ದೆ.

ಇಲ್ಲಿನ ಜೀಬ್ರಾ ಪಟ್ಟೆಯ ಎರಡೂ ಕಡೆ ಕಪ್ಪುಬಿಳಿ ಕಂಬದ ಮೇಲೆ ಕಿತ್ತಳೆ ಬಣ್ಣದ ದೀಪದ ಗುಂಡು ಮಿನುಗುತ್ತಿರುತ್ತೆ. 'ಬೆಲಿಶಾ ಬೀಕನ್' ಅಂತ ಹೆಸರು, 1934ರಲ್ಲಿ ಸಾರಿಗೆ ಮಂತ್ರಿಯಾಗಿದ್ದ ಲೆಸ್ಲಿ ಹೋರ್-ಬೆಲಿಶಾ ಅವರದ್ದು. 1935ರ ಜೂನ್ 1ರಿಂದ ಡ್ರೈವಿಂಗ್ ಟೆಸ್ಟ್ ಕಡ್ಡಾಯವಾದದ್ದೂ ಅದೇ ಮಹಾನುಭಾವರ ಕಾಲದಲ್ಲಿ. ಅವರ ಕಂಬದ ಬುಡದಲ್ಲೇ ಅವರ ಟೆಸ್ಟ್ ಫೇಲಾದೆ ಅನ್ನಿ.

ಅಮ್ಮನಿಗೆ ಫೋನ್ ಮಾಡಿದರೆ, "ಅಲ್ವೋ, ಅಜ್ಜಿಗೆ ಏನೂ ಆಗ್ಲಿಲ್ಲ ತಾನೆ? ಮತ್ತೆ ಯಾಕೋ ಫೇಲು?" ಅಂದರು. ನನ್ನ ಸಂಕಟವೂ ಅದೇ ಆಗಿತ್ತು. ಒಂದು ವಾರ ಸಿಕ್ಕವರಿಗೆಲ್ಲಾ ವಾದ ಮಾಡಿದೆ. ಊರಲ್ಲಿ ನಾನು ಲೈಸೆನ್ಸ್ ತಗೊಂಡ ದಿನ ಐವತ್ತು ಮೀಟರ್ ಮುಂದೆ, ಹತ್ತು ಮೀಟರ್ ಹಿಂದೆ ಓಡಿಸಿದ್ದು. ಅದರಲ್ಲೂ ಕ್ಲಚ್ಚು ಬ್ರೇಕು ಎರಡೂ ಡ್ರೈವಿಂಗ್ ಸ್ಕೂಲಿನವನ ಕಾಲಡಿ ಇದ್ದವು. ಆ ವಿಷಯವನ್ನು ಮಾತ್ರ ವಾದದಲ್ಲಿ ತರಲಿಲ್ಲ.

ಮುಂದಿನ ಭಾನುವಾರ ಅವಳ ಜೊತೆ ಪೇಟೆಗೆ ಹೋಗಿದ್ದೆ, ಬಸ್ಸಿನಲ್ಲಿ. ಅದೇ ಪಟ್ಟೆ ಹತ್ತಿರ ಬಂದೆವು. ಅವಳು ಫೋನ್ ನೋಡ್ತಾ ನಿಂತಳು, ರಸ್ತೆ ಕಡೆ ಕಣ್ಣೇ ಹಾಯಿಸಲಿಲ್ಲ. ಎರಡೂ ಕಡೆಯಿಂದ ಬರುತ್ತಿದ್ದ ಕಾರುಗಳು ನಿಂತವು. ಅವಳು ಹಾಗೇ ದಾಟಿದಳು. ವರ್ಷದಿಂದ ಹೀಗೇ ದಾಟ್ತಿದ್ದೀವಿ ನಾವಿಬ್ಬರೂ. ಒಂದು ದಿನವೂ ಯಾರ ಕಣ್ಣನ್ನೂ ನೋಡಿ ಲೆಕ್ಕ ಹಾಕಿಲ್ಲ. ಅವತ್ತಿಂದ ವಾದ ನಿಲ್ಲಿಸಿದೆ.

ಮತ್ತೆ ಟೆಸ್ಟಿಗೆ 10 ಕೆಲಸದ ದಿನ ಕಾದರೆ ಸಾಕು ಅನ್ನುತ್ತೆ ನಿಯಮ. ಆದರೆ ದಿನಾಂಕ ಸಿಗಬೇಕಲ್ಲ? ಬೆಳಿಗ್ಗೆ ಆರಕ್ಕೆ ಎದ್ದು ಲ್ಯಾಪ್‌ಟಾಪ್ ಮುಂದೆ ಕೂತು, ತತ್ಕಾಲ್ ಟಿಕೆಟ್ಟಿಗೆ ಕಾದ ಹಾಗೆ ಕಾದೆ. ಅವಳ ಹೊಟ್ಟೆ ಬೆಳೀತಾ ಹೋಯ್ತು, ಕಾರಿನ ಮೇಲೆ ಮರದ ಎಲೆ ಬೀಳ್ತಾ ಇತ್ತು. ಕೊನೆಗೆ ಆಗಸ್ಟ್ ಮೂರನೇ ವಾರ ಸಿಕ್ಕಿತು. ಈ ಸಲ ನಡುವೆ ಒಂದು ತಪ್ಪು ತಿರುವು ತಗೊಂಡೆ. ದಾರಿ ತಪ್ಪೋದು ತಪ್ಪಲ್ಲ, ಅದನ್ನು ಸರಿ ಮಾಡಿಕೊಳ್ಳಲು ಹೋಗಿ ದಿಢೀರ್ ತಿರುಗಿಸೋದು ತಪ್ಪು. ನಾಲ್ಕು ಸಣ್ಣ ತಪ್ಪು, ಪಾಸು. ಮೇಷ್ಟ್ರು ತಾವೇ 'ಎಲ್' ಬೋರ್ಡು ಕಿತ್ತು ಕೈಗೆ ಕೊಟ್ಟರು.

ಸೆಪ್ಟೆಂಬರಿನ ಒಂದು ರಾತ್ರಿ ಎರಡು ಮುಕ್ಕಾಲಿಗೆ ಅವಳು ಎಬ್ಬಿಸಿದಳು. ರಸ್ತೆಯಲ್ಲಿ ನರಪಿಳ್ಳೆ ಇರಲಿಲ್ಲ. ಕಿತ್ತಳೆ ದೀಪ ಮಾತ್ರ ಮಿನುಗ್ತಾ ಇತ್ತು. ಪಟ್ಟೆ ಹತ್ತಿರ ನಿಧಾನ ಮಾಡಿದೆ.

"ಯಾರಿದ್ದಾರೆ ರೀ ಇಲ್ಲಿ?" ಅಂದಳು, ಹಲ್ಲು ಕಚ್ಚಿಕೊಂಡು.

"ಅಜ್ಜಿ ಏನಾದ್ರೂ ಇದ್ದಾರಾ ಅಂತ ನೋಡ್ದೆ."

"ಹೋಗ್ರೀ ಸುಮ್ನೆ!"

ಮಗಳು ಬೆಳಿಗ್ಗೆ ಏಳೂ ಹತ್ತಕ್ಕೆ ಹುಟ್ಟಿದಳು. ನಮ್ಮ ಹಳ್ಳಿಯಿಂದ ಮೊದಲನೇ ಬಸ್ಸು ಹೊರಡೋದು ಏಳೂಕಾಲಿಗೆ.